ವೈಫೈ 7 ರೌಟರ್ ತಂದರೂ ನೆಟ್ ಸರಿಯಿಲ್ಲವೇ? ದೋಷ ಹುಡುಕುವ ಬಗೆ

ಹೊಸ ರೌಟರ್ ಬಂತು. ಪೆಟ್ಟಿಗೆಯ ಮೇಲೆ ವೈಫೈ 7 ಎಂದು ದಪ್ಪಕ್ಷರದಲ್ಲಿದೆ. ಆದರೂ ಒಳಕೋಣೆಯಲ್ಲಿ ವಿಡಿಯೊ ಕಾಲ್ ನಿಂತು ನಿಂತು ಹೋಗುತ್ತದೆ. ಸ್ಪೀಡ್ ಟೆಸ್ಟ್ 94ರ ಮೇಲೆ ಏರುವುದಿಲ್ಲ. ಗೀಸರಿನ ಸ್ಮಾರ್ಟ್ ಪ್ಲಗ್ ಸೇರಿಕೊಳ್ಳಲು ಒಪ್ಪುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾರೆ.

ಇಂಥ ದೂರುಗಳಲ್ಲಿ ಹೆಚ್ಚಿನವು ಎರಡು ಬಗೆಯವು. ಕೆಲವಕ್ಕೆ ಕಾರಣ ವೈಫೈ ಅಲ್ಲವೇ ಅಲ್ಲ. ಕೇಬಲ್, ಅಡಾಪ್ಟರ್, ಫೈಬರ್ ಇವುಗಳಲ್ಲಿ ಯಾವುದೋ ಒಂದು. ಉಳಿದವಕ್ಕೆ ಹೊಸ ತಲೆಮಾರಿನ ವೈಫೈ ತಂದ ಹೊಸ ಸೌಲಭ್ಯಗಳೇ ಕಾರಣ. ಮೊದಲನೆಯದನ್ನು ನೋಡಿ ಮುಗಿಸದೆ ಎರಡನೆಯದಕ್ಕೆ ಕೈ ಹಾಕಬೇಡಿ. ಸೆಟ್ಟಿಂಗ್ ಬದಲಿಸುವಾಗ ಒಂದು ಸಲಕ್ಕೆ ಒಂದೇ. ನಾಲ್ಕನ್ನು ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಮೊದಲು ದಾರಿಯನ್ನು ತುಂಡು ಮಾಡಿ

ನಿಮ್ಮ ಫೋನಿನಿಂದ ಹೊರಗಿನ ಇಂಟರ್ನೆಟ್‌ವರೆಗೆ ಮೂರು ತುಂಡು ದಾರಿ ಇದೆ. ಫೋನಿನಿಂದ ರೌಟರ್‌ಗೆ ಗಾಳಿಯಲ್ಲಿ. ರೌಟರ್‌ನಿಂದ ಫೈಬರ್ ಪೆಟ್ಟಿಗೆಗೆ, ಅಂದರೆ ಒಎನ್‌ಟಿಗೆ, ಕೇಬಲಿನಲ್ಲಿ. ಅಲ್ಲಿಂದ ಮುಂದೆ ಕಂಪನಿಯ ಫೈಬರಿನಲ್ಲಿ. ದೋಷ ಯಾವ ತುಂಡಿನಲ್ಲಿದೆ ಎಂದು ತಿಳಿಯಲು ಪಿಂಗ್ ಒಂದೇ ಸಾಕು. ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ, ಉತ್ತರ ಎಷ್ಟು ಬೇಗ ಬರುತ್ತದೆ ಎಂದು ನೋಡುವ ಕಮಾಂಡ್ ಅದು.

ಲ್ಯಾಪ್‌ಟಾಪ್‌ನಲ್ಲಿ ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ ರೌಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ನಿಲ್ಲದಂತೆ ಪಿಂಗ್ ಓಡಿಸಿ. ಇನ್ನೊಂದರಲ್ಲಿ 8.8.8.8ಕ್ಕೆ, ಅಂದರೆ ಹೊರಗಿರುವ ಗೂಗಲ್ ಸರ್ವರಿಗೆ. ಫೋನಿನಲ್ಲಾದರೆ ಇದಕ್ಕೆ ಉಚಿತ ಆ್ಯಪ್‌ಗಳಿವೆ. ತೊಂದರೆ ಬರುವವರೆಗೂ ಹಾಗೇ ಬಿಟ್ಟು ನಿಮ್ಮ ಕೆಲಸ ಮಾಡಿಕೊಂಡಿರಿ.

ರೌಟರ್‌ನ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಅದೇ 200, 300ಕ್ಕೆ ಜಿಗಿಯುತ್ತಿದ್ದರೆ ಅಥವಾ ಉತ್ತರವೇ ಬರದಿದ್ದರೆ ತೊಂದರೆ ಮನೆಯೊಳಗೆ, ಗಾಳಿಯಲ್ಲಿ. ರೌಟರ್ ಸರಿಯಾಗಿ ಉತ್ತರಿಸುತ್ತಾ 8.8.8.8 ಮಾತ್ರ ಕಡಿದು ಹೋಗುತ್ತಿದ್ದರೆ ವೈಫೈಯನ್ನು ಬಯ್ಯಬೇಡಿ. ತೊಂದರೆ ಕೇಬಲಿನಲ್ಲೋ ಕಂಪನಿಯ ಕಡೆಯೋ ಇದೆ. ಎರಡೂ ಚೆನ್ನಾಗಿದ್ದು ವೆಬ್‌ಸೈಟ್ ಮಾತ್ರ ತೆರೆಯುತ್ತಿಲ್ಲ ಎಂದರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಅಂಕೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಡೆ ನೋಡಿ.

ಒಎನ್‌ಟಿಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಉರಿಯುತ್ತಿದ್ದರೆ ಇಷ್ಟೂ ಬೇಕಿಲ್ಲ. ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಎಲ್ಲೋ ಕೊಂಬೆ ಬಿದ್ದಿದೆ, ಇಲ್ಲವೇ ಸೋಫಾದ ಹಿಂದೆ ವೈರ್ ಮಡಚಿಕೊಂಡಿದೆ. ರೌಟರ್‌ನ ಯಾವ ಸೆಟ್ಟಿಂಗೂ ಇದಕ್ಕೆ ಮದ್ದಲ್ಲ.

94 ಎಂಬ ಅಂಕೆ

300 ಎಂಬಿಪಿಎಸ್ ಪ್ಲಾನ್ ಇದೆ, ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 93, 94, 95. ಈ ಅಂಕೆ ಕಂಡ ಕೂಡಲೇ ಕೇಬಲನ್ನು ಹಿಡಿಯಿರಿ.

ನೆಟ್‌ವರ್ಕ್ ಕೇಬಲಿನಲ್ಲಿ ಎಂಟು ಎಳೆ ಇರುತ್ತವೆ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಉಳಿದೆರಡು ಜೋಡಿಯಲ್ಲಿ ಒಂದು ಎಳೆ ತುಂಡಾಗಿದ್ದರೂ, ಕನೆಕ್ಟರಿನಲ್ಲಿ ಸರಿಯಾಗಿ ಕೂರದಿದ್ದರೂ ಎರಡೂ ಕಡೆಯ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ನೆಟ್ ನಡೆಯುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಹೆಡರ್ (ಡೇಟಾ ಜೊತೆ ಹೋಗುವ ವಿಳಾಸದ ಚೀಟಿಯಂಥ ಭಾಗ) ಲೆಕ್ಕ ಕಳೆದರೆ 100ರಲ್ಲಿ ಕೈಗೆ ಸಿಗುವುದು 94ರ ಆಸುಪಾಸು. ಅಷ್ಟೇ.

ರೌಟರ್‌ನ ಅಡ್ಮಿನ್ ಪುಟದಲ್ಲಿ ವ್ಯಾನ್ ಪೋರ್ಟಿನ, ಅಂದರೆ ಒಎನ್‌ಟಿಯ ಕೇಬಲ್ ಬಂದು ಸೇರುವ ಪೋರ್ಟಿನ, ವೇಗ ನೋಡಿ. 100 ಎಂದಿದ್ದರೆ ಕೇಬಲ್ ಬದಲಿಸಿ. ಬದಲಿಸಿದರೂ 100 ಎಂದೇ ಇದ್ದರೆ ಒಎನ್‌ಟಿಯ ಪೋರ್ಟ್ ನೋಡಿ. ಕೆಲವು ಒಎನ್‌ಟಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100ರವು. ಮನೆ ಕಟ್ಟುವಾಗಲೇ ಗೋಡೆಯೊಳಗೆ ಎಳೆದ ಕೇಬಲ್ ಆಗಿದ್ದರೆ ಇನ್ನೂ ಒಂದು ಸಾಧ್ಯತೆ ಇದೆ. ಎಲೆಕ್ಟ್ರಿಷಿಯನ್ ನಾಲ್ಕು ಎಳೆಯನ್ನು ನೆಟ್‌ಗೆ, ಉಳಿದದ್ದನ್ನು ಲ್ಯಾಂಡ್‌ಲೈನ್ ಫೋನಿಗೆ ಹಂಚಿರುತ್ತಾನೆ. ಆ ಕಾಲಕ್ಕೆ ಅದು ಜಾಣತನವೇ ಆಗಿತ್ತು.

ಇದೇ ರೀತಿ 930, 940ಕ್ಕೆ ನಿಂತರೆ ಅದು ಗಿಗಾಬಿಟ್ ಪೋರ್ಟಿನ ಮಿತಿ, ದೋಷವಲ್ಲ. 2.5 ಗಿಗಾಬಿಟ್ ಪೋರ್ಟ್ ಬೇಕಾಗುವುದು ಪ್ಲಾನ್ 1 ಗಿಗಾಬಿಟ್ ದಾಟಿದಾಗ ಮಾತ್ರ.

ಪೆಟ್ಟಿಗೆಯ ಲೆಕ್ಕ ಮತ್ತು ಲಿಂಕ್ ಸ್ಪೀಡ್

ಬಿಇ3600 ಎಂದು ಬರೆದಿದ್ದರೆ ನಿಮ್ಮ ಫೋನಿಗೆ 3600 ಸಿಗುತ್ತದೆ ಎಂದಲ್ಲ. 2.4 ಗಿಗಾಹರ್ಟ್ಸ್ ಬ್ಯಾಂಡಿನ (ತರಂಗಪಟ್ಟಿಯ) 688 ಎಂಬಿಪಿಎಸ್ ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ 2882 ಕೂಡಿಸಿ, ಮೇಲಕ್ಕೆ ಎತ್ತಿ ಬರೆದದ್ದು. ಮಾರುವವರ ಗಣಿತ ಹಾಗೇ.

ನಿಜವಾದ ಅಂಕೆ ನಿಮ್ಮ ಸಾಧನದಲ್ಲಿದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಪ್ರಾಪರ್ಟೀಸ್ ತೆರೆದರೆ ಪ್ರೊಟೊಕಾಲ್, ಬ್ಯಾಂಡ್, ಚಾನೆಲ್, ಲಿಂಕ್ ಸ್ಪೀಡ್ ನಾಲ್ಕೂ ಕಾಣುತ್ತವೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಕೊಂಡು ವೈಫೈ ಗುರುತು ಕ್ಲಿಕ್ ಮಾಡಿ. ರೌಟರ್ ಪಕ್ಕದಲ್ಲೇ, ಎರಡು ಮೀಟರ್ ದೂರದಲ್ಲಿ ನಿಂತು ನೋಡಿ.

ಎರಡು ಆಂಟೆನಾದ ಲ್ಯಾಪ್‌ಟಾಪ್ ಅಥವಾ ಫೋನಿಗೆ ಬರಬೇಕಾದ ಲೆಕ್ಕ ಹೀಗಿದೆ. ವೈಫೈ 5, 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಆದರೆ 867. ವೈಫೈ 6, 80ಕ್ಕೆ 1201, 160ಕ್ಕೆ 2402. ವೈಫೈ 7, 80ಕ್ಕೆ 1441, 160ಕ್ಕೆ 2882, 320ಕ್ಕೆ 5765. ಇದರ ಅರ್ಧದಿಂದ ಮೂರನೇ ಎರಡು ಭಾಗ ಕೈಗೆ ಬಂದರೆ ಖುಷಿಪಡಿ.

ಈಗ ನಿಮ್ಮ ಅಂಕೆಯನ್ನು ಇದರ ಪಕ್ಕ ಇಟ್ಟು ನೋಡಿ. 144, 287, 344 ಹೀಗಿದ್ದರೆ ಸಾಧನ 2.4 ಗಿಗಾಹರ್ಟ್ಸ್‌ನಲ್ಲಿ ಕೂತಿದೆ. ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿದ್ದೀರಿ, ಅದು ತನಗೆ ಇಷ್ಟವಾದದ್ದನ್ನು ಆರಿಸಿಕೊಂಡಿದೆ. ಪರೀಕ್ಷೆಗೆಂದು 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು ನೋಡಿ. 867 ಎಂದಿದ್ದರೆ ಸಾಧನವೇ ವೈಫೈ 5ರದ್ದು. ರೌಟರ್ ಎಷ್ಟೇ ದುಬಾರಿಯಾದರೂ ಅದಕ್ಕಿಂತ ಮೇಲೆ ಹೋಗದು. ವೈಫೈ 7 ಕಾರ್ಡ್ ಇದ್ದೂ ವೈಫೈ 6 ಎಂದು ತೋರಿಸಿದರೆ ವಿಂಡೋಸ್ ಹಳೆಯದಿರಬೇಕು. ವೈಫೈ 7ರ ಬೆಂಬಲ ಬಂದದ್ದು ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ.

ರೌಟರ್ ಪಕ್ಕ 1441 ಇದ್ದದ್ದು ಪಕ್ಕದ ಕೋಣೆಗೆ ಹೋದರೆ 1201ಕ್ಕೆ ಇಳಿಯುತ್ತದೆ. ಇದೂ ದೋಷವಲ್ಲ. ವೈಫೈ 7 ಒಂದು ಸಂಕೇತದಲ್ಲಿ 10 ಬಿಟ್ ಬದಲು 12 ಬಿಟ್ ತುಂಬಿಸುತ್ತದೆ. ಆ ಶೇ 20ರ ಲಾಭ ಸಿಗುವುದು ಸಿಗ್ನಲ್ ತುಂಬಾ ಚೆನ್ನಾಗಿದ್ದಾಗ, ಅಂದರೆ ಬಹುಮಟ್ಟಿಗೆ ಅದೇ ಕೋಣೆಯಲ್ಲಿ.

6 ಗಿಗಾಹರ್ಟ್ಸ್ ಕಾಣುತ್ತಲೇ ಇಲ್ಲ

ಇದಕ್ಕೆ ಮೊದಲ ಉತ್ತರ: ನಿಮ್ಮ ರೌಟರ್‌ನಲ್ಲಿ ಆ ಮೂರನೇ ಬ್ಯಾಂಡ್ ಇಲ್ಲದಿರಬಹುದು. ವೈಫೈ 7 ಎಂದ ಕೂಡಲೇ 6 ಗಿಗಾಹರ್ಟ್ಸ್ ಇರಲೇಬೇಕೆಂದಿಲ್ಲ. ಡ್ಯುಯಲ್ ಬ್ಯಾಂಡ್ ಎಂದು ಬರೆದಿದ್ದರೆ 2.4 ಮತ್ತು 5 ಮಾತ್ರ. 320 ಮೆಗಾಹರ್ಟ್ಸ್ ಅಗಲದ ಚಾನೆಲ್ 6 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸಾಧ್ಯ. ಹಾಗಾಗಿ ಡ್ಯುಯಲ್ ಬ್ಯಾಂಡಿನಲ್ಲಿ ಆ 5765ರ ಕನಸು ಬಿಡಿ.

ಎರಡನೆಯದು ನಿಯಮದ ವಿಷಯ. ಅಮೆರಿಕ 2020ರಲ್ಲೇ 6 ಗಿಗಾಹರ್ಟ್ಸ್‌ನ 1200 ಮೆಗಾಹರ್ಟ್ಸ್ ಪೂರ್ತಿ ಬಿಟ್ಟುಕೊಟ್ಟಿತು. ನಮ್ಮಲ್ಲಿ ಅದರ ಕೆಳಗಿನ ತುಂಡು, 5925ರಿಂದ 6425 ಮೆಗಾಹರ್ಟ್ಸ್‌ವರೆಗಿನದು, ಲೈಸೆನ್ಸ್ ಇಲ್ಲದೆ ಬಳಕೆಗೆ ಸಿಗಬೇಕೆಂಬ ಕರಡು ನಿಯಮ ಬಂದದ್ದೇ 2025ರ ಮೇ ತಿಂಗಳಲ್ಲಿ. ಆದ್ದರಿಂದ ಅದಕ್ಕೂ ಮುಂಚೆ ಇಲ್ಲಿ ಮಾರಾಟವಾದ ರೌಟರ್‌ಗಳಲ್ಲಿ ಯಂತ್ರ ಇದ್ದರೂ ಬಾಗಿಲು ಮುಚ್ಚಿರುವುದುಂಟು. ಫರ್ಮ್‌ವೇರ್ (ರೌಟರ್ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ, ಆಮೇಲೂ ಮೆನುವಿನಲ್ಲಿ 6 ಗಿಗಾಹರ್ಟ್ಸ್ ಇಲ್ಲದಿದ್ದರೆ ತಯಾರಕರನ್ನೇ ಕೇಳಿ.

ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣ ತಂದುಕೊಟ್ಟ ರೌಟರ್ ಆದರೆ ಕಥೆ ಬೇರೆ. ಅದು ಅಮೆರಿಕದ ನಿಯಮದಂತೆ 6 ಗಿಗಾಹರ್ಟ್ಸ್ ಬಿತ್ತರಿಸುತ್ತದೆ, ಇಲ್ಲಿ ಕೊಂಡ ಫೋನು ಅದನ್ನು ಕಣ್ಣೆತ್ತಿಯೂ ನೋಡದಿರಬಹುದು. ದೇಶದ ಸೆಟ್ಟಿಂಗ್ ತಿದ್ದಲು ಬರದಂತೆ ಮಾಡಿರುವುದೂ ಉಂಟು. ಪ್ರೀತಿಯಿಂದ ತಂದದ್ದು, ನಿಜ. ಆದರೆ ರೌಟರ್ ಮಾತ್ರ ಇಲ್ಲಿಯದನ್ನೇ ಕೊಳ್ಳುವುದು ಒಳ್ಳೆಯದು.

ವಿಂಡೋಸ್ 10ರಲ್ಲಿ 6 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಅದಕ್ಕೆ 11 ಬೇಕು.

ಎಲ್ಲರದ್ದೂ ಒಟ್ಟಿಗೆ ಕಡಿದು ಹೋಗುತ್ತದೆ

ಹೊಸ ರೌಟರ್‌ಗಳಲ್ಲಿ ನನಗೆ ಅತಿ ಹೆಚ್ಚು ಅನುಮಾನ ಬರುವ ಜಾಗ ಇದು. ಲಕ್ಷಣ ಹೀಗಿರುತ್ತದೆ: ಮನೆಯವರ ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲಾ ಒಂದೇ ಕ್ಷಣಕ್ಕೆ ನೆಟ್ ಕಳೆದುಕೊಳ್ಳುತ್ತವೆ. 2.4ರಲ್ಲಿರುವ ಸ್ಮಾರ್ಟ್ ಪ್ಲಗ್ ಮಾತ್ರ ಆರಾಮಾಗಿರುತ್ತದೆ. ಒಂದು ನಿಮಿಷ ಕಳೆದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ನೋಡಿದರೆ ಚಾನೆಲ್ ಬದಲಾಗಿರುತ್ತದೆ.

ಕಾರಣ ರೇಡಾರ್. 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48 ಮತ್ತು 149ರಿಂದ 165ರ ಚಾನೆಲ್‌ಗಳು ತಂಟೆಯಿಲ್ಲದವು. ನಡುವಿನ 52ರಿಂದ 64, 100ರಿಂದ 144ರ ಚಾನೆಲ್‌ಗಳನ್ನು ವೈಫೈ ಮತ್ತು ರೇಡಾರ್ ಹಂಚಿಕೊಂಡಿವೆ. ಅಲ್ಲಿ ರೇಡಾರ್‌ಗೇ ಮೊದಲ ಹಕ್ಕು. ರೌಟರ್ ಆ ಚಾನೆಲ್‌ನಲ್ಲಿ ಮಾತು ಶುರು ಮಾಡುವ ಮೊದಲು ಕನಿಷ್ಠ ಒಂದು ನಿಮಿಷ ಸುಮ್ನೆ ಕಿವಿಗೊಟ್ಟು ಕೂರಬೇಕು. ಬಳಸುವಾಗ ರೇಡಾರ್ ಕೇಳಿಸಿದರೆ ತಕ್ಷಣ ಜಾಗ ಖಾಲಿ ಮಾಡಬೇಕು, ಅರ್ಧ ಗಂಟೆ ಆ ಕಡೆ ತಲೆ ಹಾಕಬಾರದು.

ಹಳೆಯ ರೌಟರ್‌ನಲ್ಲಿ ಈ ಕಾಟ ಯಾಕಿರಲಿಲ್ಲ? ಅದು 80 ಮೆಗಾಹರ್ಟ್ಸ್ ಅಗಲದಲ್ಲಿ, 36 ಅಥವಾ 149ರ ಕಡೆ ಕೂತಿತ್ತು. ಹೊಸದು ಪೆಟ್ಟಿಗೆಯ ಮೇಲಿನ ಅಂಕೆ ಉಳಿಸಿಕೊಳ್ಳಲು 160 ಆನ್ ಮಾಡಿಕೊಂಡು ಬರುತ್ತದೆ. 160ಕ್ಕೆ 20ರ ಎಂಟು ಚಾನೆಲ್ ಸಾಲಾಗಿ ಬೇಕು. ನಮ್ಮ ಮನೆ ರೌಟರ್‌ಗಳಲ್ಲಿ ಸಿಗುವ ಅಂಥ ಸಾಲು ಎರಡೇ: 36ರಿಂದ 64, ಮತ್ತು 100ರಿಂದ 128. ಎರಡೂ ರೇಡಾರ್ ಜಾಗಕ್ಕೆ ಕಾಲಿಡುತ್ತವೆ. ಅಂದರೆ 5 ಗಿಗಾಹರ್ಟ್ಸ್‌ನಲ್ಲಿ 160 ಬೇಕು ಅಂದರೆ ರೇಡಾರ್ ಕಾಟವನ್ನೂ ಒಪ್ಪಿಕೊಂಡಂತೆ. ಇಲ್ಲದ ರೇಡಾರನ್ನು ಇದೆ ಎಂದು ಭ್ರಮಿಸುವ ರೌಟರ್‌ಗಳೂ ಇವೆ.

ರೌಟರ್‌ನ ಸಿಸ್ಟಮ್ ಲಾಗ್ ತೆರೆದು ರೇಡಾರ್ ಅಥವಾ ಡಿಎಫ್‌ಎಸ್ (ರೇಡಾರಿಗೆ ಜಾಗ ಬಿಡುವ ಈ ವ್ಯವಸ್ಥೆಯ ಹೆಸರು) ಎಂಬ ಪದ ಹುಡುಕಿ. ನೆಟ್ ಹೋದ ಸಮಯಕ್ಕೆ ಅದು ತಾಳೆಯಾದರೆ ಕಳ್ಳ ಸಿಕ್ಕಿದ. ಲಾಗ್ ಇಲ್ಲದಿದ್ದರೂ ಪರವಾಗಿಲ್ಲ. ಚಾನೆಲ್ ಅಗಲ 80 ಮಾಡಿ, ಚಾನೆಲ್ ಆಟೊ ಬಿಟ್ಟು 36 ಅಥವಾ 149 ಎಂದು ನಿಲ್ಲಿಸಿ, ಒಂದೆರಡು ದಿನ ಬಿಡಿ. ದೇವನಹಳ್ಳಿ, ಯಲಹಂಕದಂತೆ ವಿಮಾನ ನಿಲ್ದಾಣ, ವಾಯುನೆಲೆಗಳ ಸುತ್ತ ಇರುವವರು ಮೊದಲ ದಿನವೇ ಹೀಗೆ ಮಾಡಿಕೊಳ್ಳಲಿ ಎಂಬುದು ನನ್ನ ಮಾತು. 300ರ ಪ್ಲಾನ್ ಇರುವ ಮನೆಗೆ 1441ರ ಲಿಂಕ್ ಸಾಲದೇ, ಅಲ್ವಾ?

ಹಳೆಯ ಸಾಮಾನು ಹೊಸ ವೈಫೈಗೆ ಸೇರುತ್ತಿಲ್ಲ

ಸ್ಮಾರ್ಟ್ ಪ್ಲಗ್, ಸಿಸಿಟಿವಿ ಕ್ಯಾಮೆರಾ, ಹಳೆಯ ಪ್ರಿಂಟರ್. ಇವಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮತ್ತು ಡಬ್ಲ್ಯುಪಿಎ2 ಎಂಬ ಹಳೆಯ ಭದ್ರತಾ ಪದ್ಧತಿ ಮಾತ್ರ. ಹೊಸ ರೌಟರ್ ಅದರ ಮುಂದಿನ ಡಬ್ಲ್ಯುಪಿಎ3 ಕೇಳುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಎನ್ನುತ್ತದೆ, ಅಥವಾ ಏನೂ ಹೇಳದೆ ಸುಮ್ಮನಾಗುತ್ತದೆ.

ಇಡೀ ಮನೆಯ ವೈಫೈಯನ್ನು ಡಬ್ಲ್ಯುಪಿಎ2ಕ್ಕೆ ಇಳಿಸುವುದು ಸುಲಭದ ದಾರಿ, ಆದರೆ ಬೇಡ. ಡಬ್ಲ್ಯುಪಿಎ3 ಇಲ್ಲದೆ 6 ಗಿಗಾಹರ್ಟ್ಸ್‌ನ ನಿಮ್ಮ ಪಾಸ್‌ವರ್ಡ್ ವೈಫೈಯೂ ಇಲ್ಲ, ಮುಂದೆ ಹೇಳಲಿರುವ ವೈಫೈ 7ರ ಎಂಎಲ್‌ಒ ಕೂಡ ಇಲ್ಲ. ಬದಲಿಗೆ ಐಒಟಿ (ಸ್ಮಾರ್ಟ್ ಸಾಮಾನುಗಳ) ನೆಟ್‌ವರ್ಕ್ ಅಥವಾ ಗೆಸ್ಟ್ ನೆಟ್‌ವರ್ಕ್ ಒಂದನ್ನು 2.4, ಡಬ್ಲ್ಯುಪಿಎ2 ಎಂದು ಬೇರೆ ತೆರೆಯಿರಿ. ಅದಕ್ಕೆ ನಿಮ್ಮ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡ್ ಕೊಟ್ಟರೆ ಹಳೆಯ ಸಾಮಾನೆಲ್ಲ ಬಹುತೇಕ ತಾನಾಗಿ ಸೇರಿಕೊಳ್ಳುತ್ತದೆ. ಪ್ರಿಂಟರ್ ಗೆಸ್ಟ್‌ನಲ್ಲಿದ್ದರೆ ಮಾತ್ರ ಲ್ಯಾಪ್‌ಟಾಪ್‌ಗೆ ಕಾಣದಿರಬಹುದು, ಗೆಸ್ಟ್‌ನ ಪ್ರತ್ಯೇಕತೆ ಆಫ್ ಮಾಡಿ.

ಫೋನಿಗೆ ಕಾಣುವ ವೈಫೈ ಹೆಸರು ಹಳೆಯ ಲ್ಯಾಪ್‌ಟಾಪ್‌ನ ಪಟ್ಟಿಯಲ್ಲೇ ಬರದಿದ್ದರೆ ಅದರ ವೈಫೈ ಡ್ರೈವರ್ ಹಳೆಯದು. ವೈಫೈ 6 ಬಂದಾಗಲೇ ಶುರುವಾದ ಕಾಯಿಲೆ ಇದು. ಡ್ರೈವರ್ ಹೊಸದು ಹಾಕಿದರೆ ಹೋಗುತ್ತದೆ.

ಇನ್ನು ಎಂಎಲ್‌ಒ. ಒಂದೇ ಸಾಧನ ಎರಡು ಬ್ಯಾಂಡಿನಲ್ಲಿ ಒಟ್ಟಿಗೆ ಸಂಪರ್ಕ ಇಟ್ಟುಕೊಳ್ಳುವ ವ್ಯವಸ್ಥೆ. ಕಾಗದದ ಮೇಲೆ ವೈಫೈ 7ರ ದೊಡ್ಡ ಹೆಚ್ಚುಗಾರಿಕೆಯೇ ಅದು. ಆದರೆ ತಯಾರಕರ ಒಕ್ಕೂಟವಾದ ವೈಫೈ ಅಲಯನ್ಸ್ ಪ್ರಮಾಣಪತ್ರ ಕೊಡಲು ಶುರು ಮಾಡಿದ್ದು 2024ರ ಜನವರಿಯಲ್ಲಿ, ಮಾನದಂಡ ರೂಪಿಸುವ ಸಂಸ್ಥೆ ಐಟ್ರಿಪಲ್‌ಇ ಅಂತಿಮ ಪ್ರಮಾಣವನ್ನು ಪ್ರಕಟಿಸಿದ್ದು 2025ರ ಜುಲೈನಲ್ಲಿ. ಮೊದಲು ಬಂದ ರೌಟರ್‌ಗಳು ಕರಡನ್ನು ನೋಡಿ ಮಾಡಿದವು. ಒಂದು ಫೋನು ಮಾತ್ರ ವಿಚಿತ್ರವಾಗಿ ಆಡುತ್ತಿದ್ದರೆ, ಮಕ್ಕಳ ಫೋನಿಗೆ ಹಾಕಿದ ಸಮಯದ ಮಿತಿ ಕೆಲಸ ಮಾಡದಿದ್ದರೆ, ಫರ್ಮ್‌ವೇರ್ ಹೊಸದು ಮಾಡಿ. ಆಮೇಲೂ ಹಾಗೇ ಇದ್ದರೆ ಎಂಎಲ್‌ಒ ಆಫ್ ಮಾಡಿ ನೋಡಿ. ಮನೆ ಬಳಕೆಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಡಿಮೆ.

ಕರೆಂಟು

ರೌಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ. ನಮ್ಮ ಮನೆಗಳಲ್ಲಿ ರೌಟರ್ ಕೆಳಗೆ ಒಂದು ಮಿನಿ ಯುಪಿಎಸ್ ಇರುತ್ತದೆ. ಹಳೆಯ ರೌಟರ್‌ಗೆ 12 ವೋಲ್ಟ್, 1 ಆಂಪ್ ಸಾಕಾಗಿತ್ತು. ಹೊಸದರ ಅಡಾಪ್ಟರ್ ಮೇಲೆ 2, 3 ಆಂಪ್, ಕೆಲವದರಲ್ಲಿ ಇನ್ನೂ ಜಾಸ್ತಿ ಬರೆದಿರುತ್ತದೆ. ಪಿನ್ ಕೂರುತ್ತದೆ, ದೀಪ ಉರಿಯುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಎನಿಸುತ್ತದೆ. ಮೂರ್ನಾಲ್ಕು ಜನ ಒಟ್ಟಿಗೆ ವಿಡಿಯೊ ನೋಡಲು ಕೂತಾಗ ರೌಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಯುಪಿಎಸ್ ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ರೌಟರ್ ಮಲಗಿ ಏಳುತ್ತದೆ. ಯುಪಿಎಸ್ ತೆಗೆದು, ರೌಟರ್ ಜೊತೆ ಬಂದ ಅಡಾಪ್ಟರನ್ನೇ ನೇರ ಗೋಡೆಗೆ ಚುಚ್ಚಿ ನೋಡಿ. ನಿಂತರೆ, ಆಂಪ್ ನೋಡಿ ಬೇರೆ ಯುಪಿಎಸ್ ಕೊಳ್ಳಿ.

ಮನೆಗೆ ಇನ್ವರ್ಟರ್ ಇದ್ದು, ಕರೆಂಟ್ ಹೋದ ಕ್ಷಣಕ್ಕೆ ಮಾತ್ರ ರೌಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಆ ಮೋಡಿನಲ್ಲಿ ಬದಲಾವಣೆ ಬೇಗ ಆಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಗುಡುಗಿನ ಕಾಲದ ಒಂದು ಮಾತು. ಫೈಬರಿನಲ್ಲಿ ಸಿಡಿಲು ಬರುವುದಿಲ್ಲ ನಿಜ, ಅಡಾಪ್ಟರ್ ಮೂಲಕ ಬರುತ್ತದೆ. ಸಿಡಿಲಿನ ಮರುದಿನ ವೈಫೈ ಇದ್ದೂ ನೆಟ್ ಇಲ್ಲದಿದ್ದರೆ ವ್ಯಾನ್ ಪೋರ್ಟ್ ಸುಟ್ಟಿರಬಹುದು. ಹೊಸ ರೌಟರ್‌ಗಳಲ್ಲಿ ಬೇರೆ ಪೋರ್ಟನ್ನು ವ್ಯಾನ್ ಮಾಡಿಕೊಳ್ಳಲು ಬರುವುದುಂಟು. ಎಸೆಯುವ ಮೊದಲು ಅದನ್ನು ಪ್ರಯತ್ನಿಸಿ.

ಗೋಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಂಕ್ರೀಟ್ ತಾರಸಿ, ದಪ್ಪ ಕೆಂಪುಕಲ್ಲಿನ ಗೋಡೆ ಇವನ್ನು 5 ಗಿಗಾಹರ್ಟ್ಸ್ ದಾಟಲು ಒದ್ದಾಡುತ್ತದೆ, 6 ಇನ್ನೂ ಹೆಚ್ಚು. ವೈಫೈ 7 ಎಂದು ಗೋಡೆ ತೆಳುವಾಗುವುದಿಲ್ಲ. ಮಹಡಿ ಮನೆಗೆ ಒಂದು ಕೇಬಲ್ ಎಳೆದು ಮೇಲೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಪೆಟ್ಟಿಗೆ) ಇಡಿ. ಗಾಳಿಯಲ್ಲೇ ಒಂದಕ್ಕೊಂದು ಸೇರಿಕೊಳ್ಳುವ ಮೆಶ್ ಪೆಟ್ಟಿಗೆಗಳಾದರೆ ಎರಡನೆಯದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧ ದಾರಿಯಲ್ಲಿ ಇಡಿ.

ಆಫೀಸಿನಲ್ಲಿ

ಸೀಲಿಂಗಿಗೆ ಹಾಕಿದ ಹೊಸ ಆ್ಯಕ್ಸೆಸ್ ಪಾಯಿಂಟ್‌ನಲ್ಲಿ ಒಂದು ಬ್ಯಾಂಡ್ ಏಳುತ್ತಲೇ ಇಲ್ಲ ಎಂದರೆ ಸ್ವಿಚ್‌ನ ಪಿಒಇ, ಅಂದರೆ ನೆಟ್ ಕೇಬಲಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ, ನೋಡಿ. ಹಳೆಯ ಪಿಒಇ ಪೋರ್ಟ್ ಕೊಡುವುದು 15.4 ವ್ಯಾಟ್. ವೈಫೈ 7ರ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ 30 ವ್ಯಾಟ್‌ನ ಪಿಒಇ ಪ್ಲಸ್ ಬೇಕು. ಕಡಿಮೆ ಸಿಕ್ಕರೆ ಅವು ಸಾಯುವುದಿಲ್ಲ, ಒಂದು ರೇಡಿಯೊ ಆಫ್ ಮಾಡಿಕೊಂಡು ಅರೆಜೀವದಲ್ಲಿ ನಡೆಯುತ್ತವೆ. ಇದೇ ಕಾರಣಕ್ಕೆ ದೋಷ ಸಿಗುವುದು ತಡ.

ಬೆಳಗ್ಗೆ ಬಂದವರಿಗೆ ನೆಟ್ ಇದೆ, ಮಧ್ಯಾಹ್ನ ಬಂದವರಿಗೆ ಇಲ್ಲ. ಅವರ ಲ್ಯಾಪ್‌ಟಾಪ್‌ನ ವಿಳಾಸ 169.254 ಎಂದು ಶುರುವಾಗುತ್ತದೆ. ಇದು ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ವಿಳಾಸಗಳು ಮುಗಿದುಹೋದ ಗುರುತು. ರೌಟರ್‌ನಲ್ಲಿ 100 ವಿಳಾಸ ಇಟ್ಟಿರುತ್ತಾರೆ, ಆಫೀಸಿನಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ಸಾಧನ. ಮೇಲಾಗಿ ಈಗಿನ ಫೋನುಗಳು ನಕಲಿ ಮ್ಯಾಕ್ ವಿಳಾಸದಲ್ಲಿ (ಸಾಧನದ ಗುರುತಿನ ಸಂಖ್ಯೆ) ಬಂದು, ಅದು ಬದಲಾದಾಗಲೆಲ್ಲ ಹೊಸ ಜಾಗ ಹಿಡಿಯುತ್ತವೆ. ವಿಳಾಸಗಳ ಸಂಖ್ಯೆ ಹೆಚ್ಚಿಸಿ, ಲೀಸ್ ಸಮಯವನ್ನು (ಒಂದು ವಿಳಾಸ ಒಂದು ಸಾಧನಕ್ಕೆ ಮೀಸಲಿರುವ ಅವಧಿ) 24 ಗಂಟೆಯಿಂದ ಮೂರ್ನಾಲ್ಕು ಗಂಟೆಗೆ ಇಳಿಸಿ.

ಕೆಲವರಿಗೆ ಮಾತ್ರ ಬೇರೆಯೇ ಸರಣಿಯ ವಿಳಾಸ ಬರುತ್ತಿದ್ದರೆ ಯಾರೋ ಹಳೆಯ ರೌಟರನ್ನು ತಂದು ಮೇಜಿನ ಕೆಳಗಿನ ಪೋರ್ಟಿಗೆ ಚುಚ್ಚಿದ್ದಾರೆ. ಅದೂ ವಿಳಾಸ ಹಂಚುತ್ತಿದೆ. ಹುಡುಕಿ ಕಿತ್ತುಹಾಕಿ. ಇನ್ನು ಒಂದೇ ಹಾಲ್‌ನಲ್ಲಿ ನಾಲ್ಕೈದು ಆ್ಯಕ್ಸೆಸ್ ಪಾಯಿಂಟ್ ಇದ್ದರೆ 160 ಬಿಡಿ, 80 ಕೂಡ ಅತಿಯಾಯಿತು. 40ಕ್ಕೆ ಇಳಿಸಿ, ಒಂದಕ್ಕೊಂದು ಚಾನೆಲ್ ತಾಗದಂತೆ ಹಂಚಿ.

ಫ್ಯಾಕ್ಟರಿ ರೀಸೆಟ್‌ಗೆ ಮುಂಚೆ

ಏನೂ ಬಗೆಹರಿಯದೆ ರೀಸೆಟ್ ಪಿನ್ ಒತ್ತಲು ಹೊರಟಿದ್ದರೆ ಒಂದು ನಿಮಿಷ ತಡೆಯಿರಿ. ಅಡ್ಮಿನ್ ಪುಟದಲ್ಲಿ ವ್ಯಾನ್ ಸೆಟ್ಟಿಂಗ್ ತೆರೆದು ಫೋಟೊ ತೆಗೆದುಕೊಳ್ಳಿ. ಪಿಪಿಪಿಒಇ (ಕಂಪನಿಯ ಲಾಗಿನ್ ಪದ್ಧತಿ) ಎಂದಿದ್ದರೆ ಅದರ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ವಿಲ್ಯಾನ್ ಸಂಖ್ಯೆ (ಲೈನಿಗೆ ಕಂಪನಿ ಕೊಟ್ಟ ಗುರುತು) ಇದ್ದರೆ ಅದೂ ಬೇಕು. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಮಾತ್ರ ಕಂಡರೆ ಕಂಪನಿಗೆ ಮೊದಲೇ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ರೌಟರ್‌ನಲ್ಲೇ ಬ್ಯಾಕಪ್ ಫೈಲ್ ತೆಗೆಯುವ ಆಯ್ಕೆ ಇದ್ದರೆ ಅದನ್ನೂ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ, ಆದರೆ ರೀಸೆಟ್ ಆದ ಕೂಡಲೇ ಅದನ್ನು ಹಾಕಬೇಡಿ. ದೋಷ ಸೆಟ್ಟಿಂಗ್‌ನಲ್ಲಿದ್ದರೆ ಅದೂ ಆ ಫೈಲ್ ಜೊತೆಗೇ ವಾಪಸ್ ಬರುತ್ತದೆ. ಮತ್ತು ಈ ಕೆಲಸವನ್ನು ಶನಿವಾರ ರಾತ್ರಿ ಮಾಡಬೇಡಿ. ಭಾನುವಾರ ಲೈನ್‌ಮ್ಯಾನ್ ಸಿಗುವುದು ಕಷ್ಟ.